ಗೇಟಿನಲ್ಲಿ ಕೇಳುವ ಪ್ರಶ್ನೆ

ಪುಯೆರ್ತೊ ಪೆನ್ಯಾಸ್ಕೊ
12 ಜನವರಿ 1995

ಚೆಲೋ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಟೆಲಿಫೋನ್ ಅಂಗಡಿಯ ಹುಡುಗಿಯ ಎದುರು ನನ್ನ ಮಾನ ಹೋದದ್ದು ಸಾಕು. ಕಾಗದವನ್ನಾದರೆ ಹರಿದು ಹಾಕುವ ಮೊದಲು ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ನಿನ್ನ ಅಣ್ಣನನ್ನು ನಿನ್ನೆ ಗಡಿಯಲ್ಲಿ ಅಮೆರಿಕದ ಒಳಗೆ ಬಿಡಲಿಲ್ಲ. ನಾವು ಮೆಕ್ಸಿಕೊದ ಈ ಸಮುದ್ರದ ಊರಿಗೇ ವಾಪಸು ಬಂದಿದ್ದೇವೆ.

ಮರೆವು ಇಷ್ಟು ಹೆಚ್ಚಿದ ಸ್ಥಿತಿಯಲ್ಲಿ ಅವನನ್ನು ಯಾಕೆ ಕರೆದುಕೊಂಡು ಹೋದೆ ಅಂತ ಕೇಳುತ್ತೀಯ, ಗೊತ್ತು. ಪ್ರತಿ ವರ್ಷ ಜನವರಿ ಆರರ ಮೂವರು ರಾಜರ ಹಬ್ಬದ ಹೊತ್ತಿಗೆ ಇಲ್ಲಿಗೆ ಬರುತ್ತಿದ್ದೆವು. ಗಿರಾಕಿಗಳಿಲ್ಲದೆ ಕೋಣೆಗಳು ಅರ್ಧ ಬಾಡಿಗೆಗೆ ಸಿಗುವ ಕಾಲ ಇದು. ಈ ಸಲವಂತೂ ಪೆಸೊ ನೆಲ ಕಚ್ಚಿ ಇನ್ನೂ ಅಗ್ಗವಾಗಿತ್ತು. ಅವನು ಮೀಸೆ ಮೂಡುವ ವಯಸ್ಸಿನಲ್ಲಿ ಸಿಗಡಿ ದೋಣಿ ಹತ್ತಿದ್ದು ಇದೇ ಊರಲ್ಲಿ. ಇಲ್ಲಿಯ ಗಾಳಿ ತಾಗಿದರೆ ಏನಾದರೂ ನೆನಪಾದೀತು ಎಂಬ ಆಸೆ ನನಗೆ. ನೆನಪಾಯಿತು ಕೂಡ. ದೋಣಿಯ ಯಜಮಾನನ ಹೆಸರು, ಆ ಯಜಮಾನನ ನಾಯಿಯ ಹೆಸರು ಎಲ್ಲ ಹೇಳಿದ. ನನ್ನ ಹೆಸರೊಂದು ಮಾತ್ರ ಇನ್ನೂ ಬಂದಿಲ್ಲ.

ನಿನ್ನೆ ಗೇಟಿಗೆ ಬರುವ ಮೊದಲು ಎಂದಿನಂತೆ ಗಾಡಿಯಲ್ಲೇ ಪಾಠ ಒಪ್ಪಿಸಿಕೊಂಡೆ. 'ಎಲ್ಲಿಯವರು' ಅಂದರೆ 'ಅಮೆರಿಕನ್ ಸಿಟಿಜನ್'. ಇಷ್ಟೇ ತಾನೆ, ಇಷ್ಟು ವರ್ಷ ಬಾಯಿಮಾತಿನಲ್ಲೇ ದಾಟಿದ್ದೇವೆ, ಒಂದು ದಿನವೂ ಕಾಗದ ಒಯ್ದವರಲ್ಲ. ದಾರಿಯುದ್ದಕ್ಕೂ ಸರಿಯಾಗಿಯೇ ಹೇಳಿದ. ಗೇಟಿನಲ್ಲಿ ಆಫೀಸರ್ ಕಿಟಕಿಗೆ ಬಗ್ಗಿ ಕೇಳಿದಾಗ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಕಬೋರ್ಕಾದವನು ಸ್ವಾಮಿ. ಅಮ್ಮ ಊಟಕ್ಕೆ ಕಾಯ್ತಿರ್ತಾಳೆ, ಬೇಗ ಬಿಟ್ಟುಬಿಡಿ."

ಮೆಕ್ಸಿಕೊದ ಹುಟ್ಟೂರಿನ ಹೆಸರು ಬಾಯಿಗೆ ಬಂದ ಮೇಲೆ ನಾನು ಏನು ಹೇಳಿದರೂ ಅವರು ಕೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಹುಟ್ಟಿದ್ದು ಎಲ್ಲಿ ಅಂದರೆ ಕಬೋರ್ಕಾ, ಮನೆ ಎಲ್ಲಿ ಅಂದರೂ ಕಬೋರ್ಕಾ. ನಮ್ಮ ಮನೆಯಿರುವ ಟೂಸಾನ್ ಗೊತ್ತಾ ಅಂದಿದ್ದಕ್ಕೆ, "ಕೇಳಿದೀನಿ, ತುಂಬ ದೂರ ಅಂತಾರೆ" ಅಂದ. ಆ ಆಫೀಸರ್ ಕೆಟ್ಟವನಲ್ಲ, ನೀರು ತಂದುಕೊಟ್ಟ. "ಅಮ್ಮಾ, ನೀವು ಹೋಗಬಹುದು. ಇವರು ಪ್ರಮಾಣ ಮಾಡಿ ಪೌರರಾದ ಪತ್ರ ಇದೆ ಅಂತೀರಲ್ಲ, ಅದನ್ನ ತಂದು ತೋರಿಸಿ, ಇವರನ್ನೂ ಬಿಡ್ತೀನಿ" ಅಂದ. ಇವನನ್ನು ಇಲ್ಲಿ ಯಾರ ಕೈಗೆ ಒಪ್ಪಿಸಿ ಹೋಗಲಿ?

ನಮ್ಮ ಮನೆಯ ಇನ್ನೊಂದು ಬೀಗದ ಕೈ ನಿನ್ನ ಹತ್ತಿರವಿದೆ. ಮಲಗುವ ಕೋಣೆಯ ಮರದ ಪೆಟ್ಟಿಗೆಯಲ್ಲಿ, ಹಾಸಿಗೆ ಹೊದಿಕೆಗಳ ಅಡಿಯಲ್ಲಿ ಆ ಪತ್ರ ಇದೆ. ಕ್ರಿಸ್ಮಸ್‌ಗೆ ಜೋಳದ ಹಿಟ್ಟಿನ ತಮಾಲೆ ಕಡುಬು ಮಾಡುವಾಗ ನಮ್ಮಿಬ್ಬರ ನಡುವೆ ಆದ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡು. ತಂದುಕೊಡು.

ಪಕ್ಕದ ಟ್ರೈಲರ್‌ನ ಮುದುಕ ದಂಪತಿ ನಾಳೆ ಟೂಸಾನಿಗೆ ಹೊರಟಿದ್ದಾರೆ. ಅಲ್ಲಿಯ ಡಬ್ಬಿಗೆ ಇದನ್ನು ಹಾಕುತ್ತಾರೆ. ನೀನು ಶನಿವಾರ, ಮಂಗಳವಾರ ಓಡಾಡುವ ವ್ಯಾನಿನವನ ಕೈಗೆ ಉತ್ತರ ಕೊಡು.

ನಿನ್ನ ಅತ್ತಿಗೆ,
ಒಫೇಲಿಯಾ


ಟೂಸಾನ್
16 ಜನವರಿ 1995

ಅತ್ತಿಗೆ,

ಹರಿಯಲಿಲ್ಲ. ನಿಮ್ಮ ಅಕ್ಷರ ನೋಡಿದ ಕೂಡಲೇ ಅಣ್ಣನಿಗೇನೋ ಆಗಿದೆ ಎಂದು ನಿಂತಲ್ಲೇ ಒಡೆದು ಓದಿದೆ.

ನಿಮ್ಮ ಮನೆಗೆ ಹೋಗಿದ್ದೆ. ಪತ್ರ ಸಿಕ್ಕಿತು, ನನ್ನ ಕೈಚೀಲದಲ್ಲಿದೆ. ಬೇರೆಯದೂ ಕಣ್ಣಿಗೆ ಬಿತ್ತು. ಬಾಗಿಲಿನ ತುದಿಯಲ್ಲಿ, ಅವನ ಕೈಗೆ ಎಟುಕದಷ್ಟು ಮೇಲೆ, ಹೊಸ ಚಿಲಕ ಹಾಕಿಸಿದ್ದೀರಿ. ಗ್ಯಾಸ್ ಒಲೆಯ ತಿರುಗಣೆಗಳನ್ನೆಲ್ಲ ಕಿತ್ತು ನಿಮ್ಮ ದಿಂಬಿನ ಕೆಳಗೆ ಇಟ್ಟಿದ್ದೀರಿ. ಬಚ್ಚಲಿನ ಕನ್ನಡಿಗೆ ಬಟ್ಟೆ ಹೊದಿಸಿದ್ದೀರಿ. ಯಾರೋ ಅಪರಿಚಿತ ಮುದುಕ ಮನೆಯೊಳಗೆ ನುಗ್ಗಿದ್ದಾನೆ ಅಂತ ಅವನು ಹೆದರುತ್ತಾನೆ ಎನ್ನುವುದನ್ನು ನನಗೆ ಯಾಕೆ ಹೇಳಲಿಲ್ಲ? ಕ್ರಿಸ್ಮಸ್‌ಗೆ ಹಿಟ್ಟು ನಾದುವಾಗಲೂ ನೀವು ಅಂಗಿಯ ತೋಳು ಮೇಲೇರಿಸಲಿಲ್ಲ. ಮೇಲೆ ಸರಿದ ತೋಳನ್ನು ಮತ್ತೆ ಮತ್ತೆ ಕೆಳಗೆ ಎಳೆದುಕೊಳ್ಳುತ್ತಿದ್ದಿರಿ. ಒಳಗೆ ಅವನ ಬೆರಳು ಒತ್ತಿದ ಕಂದು ಗುರುತು ನಾನು ನೋಡಿದೆ. ಅದಕ್ಕೇ ಅವನನ್ನು ಆಶ್ರಮಕ್ಕೆ ಸೇರಿಸುವ ಮಾತೆತ್ತಿದ್ದು. ನಿಮ್ಮ ಗಂಡನನ್ನು ಕಿತ್ತುಕೊಳ್ಳಲು ಬಂದವಳ ಹಾಗೆ ನನ್ನನ್ನು ನೋಡಿದಿರಿ. ಇಡೀ ಬೀದಿಯ ಹೆಂಗಸರೆದುರು, "ಬುದ್ಧಿ ನೆಟ್ಟಗಿದ್ದೇ ನಿನ್ನ ಗಂಡ ನಿನ್ನ ಬಿಟ್ಟು ಹೋದ, ನನ್ನವನು ಬುದ್ಧಿ ಹೋದ್ರೂ ಬಿಟ್ಟಿಲ್ಲ" ಅಂದಿರಿ. ಆ ಮಾತನ್ನು ಪಕ್ಕಕ್ಕಿಡು ಅನ್ನುತ್ತೀರಿ. ಪಕ್ಕದಲ್ಲಿ ಇಟ್ಟರೂ ಚುಚ್ಚುತ್ತದೆ ಅತ್ತಿಗೆ.

ಈಗ ನನ್ನ ಮಾತು ಕೇಳಿ. ನನ್ನ ಮನೆಯ ಹಿಂದಿನ ಬೀದಿಯ ಕನ್ಯಾಸ್ತ್ರೀಯರ ಆಶ್ರಮದಲ್ಲಿ ಅಣ್ಣನಿಗೆ ಒಂದು ಹಾಸಿಗೆ ಹೇಳಿಟ್ಟಿದ್ದೇನೆ. ಅವನು ಈ ಕಡೆ ದಾಟಿದರೆ ನೇರ ಅಲ್ಲಿಗೆ ಹೋಗಬೇಕು. ಒಪ್ಪಿಗೆ ಅಂತ ಬರೆದು ಕಳಿಸಿ, ಮಾರನೆಯ ದಿನವೇ ಪತ್ರ ಹಿಡಿದು ಹೊರಡುತ್ತೇನೆ. ಒಪ್ಪದಿದ್ದರೆ ಪತ್ರ ನನ್ನ ಚೀಲದಲ್ಲೇ ಇರುತ್ತದೆ. ಕಟುಕಿ ಅನ್ನಿ, ಪರವಾಗಿಲ್ಲ. ಇನ್ನೊಂದು ಕಂದು ಗುರುತು ನೋಡುವ ಮನಸ್ಸು ನನಗಿಲ್ಲ.

ನಾದಿನಿ ಕೊನ್ಸುಯೆಲೊ


ಪುಯೆರ್ತೊ ಪೆನ್ಯಾಸ್ಕೊ
20 ಜನವರಿ 1995

ಚೆಲೋ,

ಗಂಡನನ್ನು ಕೊಟ್ಟು ಕಾಗದ ತಗೋ ಅಂತ ಬರೆದಿದ್ದೀಯ. ನಿಮ್ಮ ಅಮ್ಮ ಇದ್ದಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದಳು.

ಇಟ್ಟುಕೋ ಆ ಪತ್ರ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೋ. ನಾವು ಇಲ್ಲೇ ಇರುತ್ತೇವೆ. ನನ್ನ ಪಿಂಚಣಿ ಇಲ್ಲಿ ಧಾರಾಳವಾಗಿ ಸಾಕಾಗುತ್ತದೆ. ಮನೆಯೊಡತಿ ದೋನ್ಯ ರೊಸೌರ ಈಸ್ಟರ್‌ಗೆ ಜನ ಬರುವವರೆಗೂ ಇದೇ ಬಾಡಿಗೆ ಅಂದಿದ್ದಾಳೆ. ಬಿಸಿನೀರು ಬರುವುದಿಲ್ಲ, ಕಿಟಕಿಯ ಸಂದಿಯಿಂದ ಮರಳು ಒಳಗೆ ಬಂದು ಸೂಪಿನಲ್ಲೂ ಹಲ್ಲಿಗೆ ಸಿಗುತ್ತದೆ. ಆದರೆ ಇಲ್ಲಿ ಯಾವ ಬಾಗಿಲಿಗೂ ನಾನು ಚಿಲಕ ಹಾಕಿಸಿಲ್ಲ.

ನೀನು ಅವನನ್ನು ಇಲ್ಲಿ ನೋಡಬೇಕಿತ್ತು. ಬೆಳಿಗ್ಗೆ ಎದ್ದು ದೋಣಿ ಕಟ್ಟೆಗೆ ಹೋಗಿ ಬಲೆ ಹೊಲಿಯುವವರ ಜೊತೆ ಕೂರುತ್ತಾನೆ. ನಾನು ಅಂಗಡಿಯ ನೆರಳಿನಲ್ಲಿ ಕಾಯುತ್ತೇನೆ. ಅಂಗಿಯ ಗುಂಡಿ ಹಾಕಲು ಬಾರದ ಅದೇ ಬೆರಳು ಹರಿದ ಬಲೆಗೆ ಗಂಟು ಹಾಕುತ್ತದೆ. ಅವರೂ ಅವನನ್ನು ಚೆನ್ನಾಗಿ ಆಡಿಸುತ್ತಾರೆ.

"ಏನಜ್ಜ, ಇವತ್ತು ದೋಣಿ ಏರ್ತೀಯೋ, ಇಲ್ಲ ಹೆಂಡ್ತಿ ಬಿಡಲ್ವೋ?"

"ನಂಗೆಲ್ಲಿ ಹೆಂಡ್ತಿ? ಆ ಸೆನ್ಯೋರ ಪಕ್ಕದ ಕೋಣೆಯವರು. ಒಳ್ಳೇ ಹೆಂಗಸು ಪಾಪ, ಯಾರೂ ಇಲ್ಲ ಅವರಿಗೆ."

ನಗುತ್ತಾರೆ. ನಾನೂ ನಗುತ್ತೇನೆ. ಇಷ್ಟು ವರ್ಷ ನನ್ನನ್ನು 'ಲೇ' ಅಂತ ಕರೆದವನು ಈಗ 'ನೀವು, ತಾವು' ಅನ್ನುತ್ತಾನೆ, ನಾನು ನಡೆಯುವಾಗ ಗಾಳಿ ಬರುವ ಕಡೆಗೆ ತಾನು ನಿಲ್ಲುತ್ತಾನೆ. ಇದನ್ನು ನಾನು ಬೇಡ ಅನ್ನಬೇಕೇ?

ಇನ್ನೊಂದು ಸುದ್ದಿ. ನಾವು ಬಂದ ದಿನವೇ ದೋನ್ಯ ರೊಸೌರ ರಾಜರ ಹಬ್ಬದ ಬ್ರೆಡ್ ಕೊಯ್ದಳು. ಒಳಗೆ ಅಡಗಿಸಿಟ್ಟ ಪುಟ್ಟ ಗೊಂಬೆ ನಿನ್ನ ಅಣ್ಣನ ಪಾಲಿಗೆ ಬಂತು. ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಗೊಂಬೆ ಸಿಕ್ಕವನು ಫೆಬ್ರವರಿ ಎರಡರ ಕಂದೆಲಾರಿಯ ಹಬ್ಬಕ್ಕೆ ಎಲ್ಲರಿಗೂ ತಮಾಲೆ ಹಾಕಿಸಬೇಕಲ್ಲ, ಅದೊಂದನ್ನು ಮರೆತಿಲ್ಲ. ಸಿಕ್ಕಸಿಕ್ಕವರನ್ನೆಲ್ಲ ಊಟಕ್ಕೆ ಕರೆದಿದ್ದಾನೆ. ನನಗೂ ಹೇಳಿದ, "ನೀವೂ ಬನ್ನಿ ಸೆನ್ಯೋರ. ನನ್ನ ತಂಗಿ ಚೆಲೋ ಹಿಟ್ಟು ಕಲಸ್ತಾಳೆ, ಅವಳ ಕೈರುಚಿ ಯಾರಿಗೂ ಬರಲ್ಲ" ಅಂತ.

ನಿನ್ನ ಹೆಸರು ನೆನಪಿದೆ ನೋಡು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಒಫೇಲಿಯಾ


ಪುಯೆರ್ತೊ ಪೆನ್ಯಾಸ್ಕೊ
28 ಜನವರಿ 1995

ಚೆಲೋ,

ಬಾ. ಪತ್ರ ತಗೊಂಡು ಬಾ. ನಿನ್ನ ಮಾತಿಗೆ ಒಪ್ಪಿದ್ದೇನೆ.

ಹೋದ ಕಾಗದದಲ್ಲಿ ಬರೆದದ್ದು ಯಾವುದೂ ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಮಲಗುವಾಗ ಅವನ ಅಂಗಿಯ ಚುಂಗನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತೇನೆ. ಚಿಲಕ ಹಾಕಿಸಿಲ್ಲ ಅಂತ ಜಂಬ ಕೊಚ್ಚಿದೆನಲ್ಲ, ಇಲ್ಲಿ ಚಿಲಕ ನಾನೇ. ಸರಿಯಾಗಿ ನಿದ್ದೆ ಮಾಡಿ ಯಾವ ಕಾಲವಾಯಿತೋ. ನಿನ್ನೆ ಮಧ್ಯಾಹ್ನ ಅವನು ಬಲೆಯವರ ಜೊತೆ ಕೂತಿದ್ದಾಗ ನಾನು ಅಂಗಡಿಯ ಕುರ್ಚಿಯಲ್ಲೇ ತೂಕಡಿಸಿದೆ. ಎದ್ದು ನೋಡಿದರೆ ಅವನ ಜಾಗ ಖಾಲಿ.

ಇಲ್ಲಿಯ ಇಳಿತ ನಿನಗೆ ಗೊತ್ತಲ್ಲ, ಅಮಾವಾಸ್ಯೆ ಹತ್ತಿರ ಬಂದಾಗ ನೀರು ಕಣ್ಣಿಗೆ ಕಾಣದಷ್ಟು ಹಿಂದೆ ಹೋಗಿ ಬರೀ ಬಂಡೆ, ಪಾಚಿ ಉಳಿಯುತ್ತದೆ. ಅವನು ಅದರ ಮೇಲೆ ನಡೆದುಕೊಂಡು ಹೋಗಿದ್ದಾನೆ. ಬರುವಾಗ ಆ ನೀರು ಎದುರಿನಿಂದ ಬರುವುದಿಲ್ಲ, ಹಿಂದಿನ ಕಾಲುವೆಗಳಲ್ಲಿ ಮೊದಲು ತುಂಬಿಕೊಂಡು ದಾರಿ ಮುಚ್ಚುತ್ತದೆ. ಈ ಊರಿನ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನನಗೆ ಕಲಿಸಿದವನೇ ಅವನು.

ನಾನು ಕೂಗಿದೆ. 'ಅನ್ಸೆಲ್ಮೊ' ಅಂದೆ, ತಿರುಗಲಿಲ್ಲ. ಆ ಹೆಸರು ಅವನಿಗೆ ಯಾರದೋ ಆಗಿಹೋಗಿದೆ. ಚಿಪ್ಪು ಹೆಕ್ಕುವ ಇಬ್ಬರು ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ಹೋಗಿ ಅವನನ್ನು ಎಳೆದುಕೊಂಡು ಬಂದರು. ಅವನು ಕೈ ಬೀಸಿ ಅವರನ್ನು ಹೊಡೆಯುತ್ತಿದ್ದ. "ಬಿಡ್ರೇ, ದೋಣಿ ಹೊರಟುಹೋಗುತ್ತೆ, ಬಿಡಿ ನನ್ನ" ಅನ್ನುತ್ತಿದ್ದ. ದಡಕ್ಕೆ ಬಂದ ಮೇಲೆ ತುಟಿ ನೀಲಿಯಾಗಿ ಗಡಗಡ ನಡುಗುತ್ತಿದ್ದ. ನಾನು ತಬ್ಬಿಕೊಳ್ಳಲು ಹೋದರೆ ಹಿಂದೆ ಸರಿದು, "ಕ್ಷಮಿಸಿ ಸೆನ್ಯೋರ, ನಿಮ್ಮ ಬಟ್ಟೆ ಒದ್ದೆ ಆಗುತ್ತೆ" ಅಂದ.

ಅವರಲ್ಲೊಬ್ಬಳು ನನ್ನನ್ನು ಚೆನ್ನಾಗಿ ಬೈದಳು. "ಮನೇಲಿ ಬೇರೆ ಯಾರೂ ಇಲ್ವೇನಮ್ಮ? ಒಬ್ಬಳೇ ಹೆಂಗಸು ಈ ಗಂಡಾಳನ್ನ ಎಷ್ಟು ದಿನ ಕಾಯ್ತೀಯ?" ನನ್ನ ಬಾಯಿಗೆ ನಿನ್ನ ಹೆಸರು ಬಂತು ಚೆಲೋ.

ನನಗೆ ಅವನು ಬೇಕು. ಇವತ್ತೂ ಬೇಕು. ಆದರೆ ನೀರಿನಲ್ಲಿ ಅವನು ಸತ್ತಿದ್ದರೆ ನನ್ನ ಹಟವೇ ಅವನನ್ನು ಕೊಂದಂತಾಗುತ್ತಿತ್ತು.

ವ್ಯಾನಿನವನು ಈಗ ಹೊರಡುತ್ತಾನಂತೆ.

ಒಫೇಲಿಯಾ


ಟೂಸಾನ್
30 ಜನವರಿ 1995

ಅತ್ತಿಗೆ,

ಕಂದೆಲಾರಿಯ ಹಬ್ಬದ ದಿನ ಬೆಳಿಗ್ಗೆ ಬರುತ್ತೇನೆ. ಬೇಗ ಬರಬಹುದಿತ್ತು, ಆದರೆ ಅಣ್ಣ ಅಷ್ಟು ಜನರನ್ನು ಕರೆದಿದ್ದಾನೆ ಅಂದಿರಿ. ಅವನ ಮಾತು ಬೀಳಬಾರದು. ಹಂದಿಮಾಂಸ ಇವತ್ತು ಬೇಯಿಸಿಟ್ಟೆ, ಮೆಣಸಿನಕಾಯಿ ನೆನೆಸಿದ್ದೇನೆ. ಜೋಳದ ಹಿಟ್ಟು ಅಲ್ಲೇ ಕಲಸುತ್ತೇನೆ. ದೋನ್ಯ ರೊಸೌರಳ ದೊಡ್ಡ ಹಂಡೆ ಕೇಳಿ ಇಟ್ಟಿರಿ. ಸುತ್ತುವುದಕ್ಕೆ ಜೋಳದ ತೆನೆಯ ಸಿಪ್ಪೆಗಳನ್ನು ನೆನೆಹಾಕಿ ಒರೆಸಿಡಿ. ಸುತ್ತುವುದು ನಿಮ್ಮದು, ನಿಮ್ಮಷ್ಟು ಬಿಗಿಯಾಗಿ ನನಗೆ ಸುತ್ತಲು ಬರುವುದಿಲ್ಲ.

ಗೆದ್ದೆ ಅಂತ ನನಗೆ ಅನ್ನಿಸುತ್ತಿಲ್ಲ. ಅದನ್ನು ನೀವು ನಂಬಬೇಕಾಗಿಲ್ಲ.

ಚೆಲೋ


ಟೂಸಾನ್
20 ಮಾರ್ಚ್ 1995

ಚೆಲೋ,

ನೀನು ಮೂರು ಸಲ ಮನೆಗೆ ಬಂದು ಬಾಗಿಲು ತಟ್ಟಿ ಹೋದದ್ದು ಗೊತ್ತು. ನಾನು ಒಳಗೇ ಇದ್ದೆ. ಫೋನ್ ಎತ್ತಿ ಇಟ್ಟವಳೂ ನಾನೇ. ಈಗ ಅದು ನನ್ನ ಸರದಿ.

ಆಶ್ರಮಕ್ಕೆ ಯಾಕೆ ಬರುತ್ತಿಲ್ಲ ಅಂತ ಬಾಗಿಲ ಸಂದಿಯಲ್ಲಿ ಚೀಟಿ ಹಾಕಿದ್ದೀಯ. ಹೇಳುತ್ತೇನೆ.

ಕಂದೆಲಾರಿಯ ದಿನ ನೀನು ಬಸ್ಸಿನಿಂದ ಇಳಿಯುವುದಕ್ಕೂ ಮೊದಲೇ ಅವನು "ಚೆಲೋ ಬಂದ್ಲು" ಅಂತ ಎದ್ದು ಓಡಿದ. ನಿನ್ನ ಕೈಯಿಂದ ಪಾತ್ರೆ ಇಸಿದುಕೊಂಡ. ಬಲೆಯವರಿಗೆಲ್ಲ ತಾನೇ ಬಡಿಸಿದ, ತಾನೇ ಉಣ್ಣುವುದನ್ನು ಮರೆತ. ನಾನು ಹೊಗೆಯ ನೆವ ಹೇಳಿ ಕಣ್ಣೊರೆಸಿಕೊಂಡೆ. ನೀನು ನೋಡಿಯೂ ನೋಡದ ಹಾಗೆ ಇದ್ದೆ, ಆ ಉಪಕಾರ ಮರೆತಿಲ್ಲ.

ಆಮೇಲೆ ಗೇಟು. ನಮ್ಮ ಗಾಡಿಯಲ್ಲಿ ನೀನು ಮುಂದೆ ಅವನ ಪಕ್ಕದಲ್ಲಿ, ಸ್ಟಿಯರಿಂಗ್ ನಿನ್ನ ಕೈಯಲ್ಲಿ. ನಾನು ಹಿಂದೆ. ಆಫೀಸರ್ ಪತ್ರ ನೋಡಿದ, ಅವನಿಗೆ ಸೆಲ್ಯೂಟ್ ಹೊಡೆದ. ಆಮೇಲೆ ಹಿಂದಕ್ಕೆ ಬಗ್ಗಿ, "ನೀವು ಎಲ್ಲಿಯವರಮ್ಮ?" ಅಂತ ನನ್ನನ್ನು ಕೇಳಿದ. ಟೂಸಾನಿನ ನಮ್ಮ ಬೀದಿಯಲ್ಲೇ ಹುಟ್ಟಿದವಳು ನಾನು. 'ಅಮೆರಿಕನ್ ಸಿಟಿಜನ್' ಅನ್ನುವ ಆ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಈ ಗೇಟು ದಾಟಿದರೆ ಅವನು ನನ್ನ ಮನೆಗೆ ಬರುವುದಿಲ್ಲ ಅನ್ನುವುದೊಂದೇ ತಲೆಯಲ್ಲಿತ್ತು. ಇಳಿಸಿಕೊಂಡರು. ಹಿಂದೆ ಗಾಡಿಗಳ ಸಾಲು, ನಿನಗೆ ಮುಂದೆ ಹೋಗಿ ನಿಲ್ಲಿಸಿ ಅಂದರು. ಗಾಡಿ ಮುಂದೆ ಹೋಗುವಾಗ ಅವನು ಹಿಂದಿನ ಗಾಜಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಅಳು ನುಂಗಿ ಉತ್ತರ ಹೇಳಿ ಬರುವ ಹೊತ್ತಿಗೆ ನಿನ್ನ ಭುಜಕ್ಕೆ ಒರಗಿ ನಿದ್ದೆಹೋಗಿದ್ದ.

ಆಶ್ರಮಕ್ಕೆ ಮೊದಲ ವಾರ ಬಂದಿದ್ದೆ, ನಿನಗೆ ತಿಳಿಸದೆ. ಕೂದಲು ಬಾಚಿ, ಅವನಿಗೆ ಇಷ್ಟವಾದ ನೀಲಿ ಉಡುಪು ಹಾಕಿಕೊಂಡು ಹೋಗಿದ್ದೆ. ನನ್ನನ್ನು ನೋಡಿ, ಹೊಸ ನರ್ಸ್ ಅಂದುಕೊಂಡನೋ ಏನೋ, ತೋಳು ಮುಂದೆ ಚಾಚಿದ, ಸೂಜಿ ಚುಚ್ಚಲಿ ಅಂತ. ಪಕ್ಕದ ಕೋಣೆಯ ಸೆನ್ಯೋರ ಕೂಡ ಅಲ್ಲ ನಾನು ಈಗ.

ಅವನನ್ನು ನೀನು ಚೆನ್ನಾಗಿ ನೋಡಿಕೊಳ್ಳುತ್ತೀಯ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಆ ಚಾಚಿದ ತೋಳನ್ನು ಇನ್ನೊಮ್ಮೆ ನೋಡಲಾರೆ.

ಒಲೆಗೆ ತಿರುಗಣೆಗಳನ್ನು ಮತ್ತೆ ಹಾಕಿದ್ದೇನೆ. ಒಬ್ಬಳಿಗೆ ಅಡುಗೆ ಮಾಡಲು ಮನಸ್ಸು ಬರುವುದಿಲ್ಲ.

ಒಫೇಲಿಯಾ


ಟೂಸಾನ್
4 ಏಪ್ರಿಲ್ 1995

ಅತ್ತಿಗೆ,

ಬಾಗಿಲು ತೆರೆಯುವುದಿಲ್ಲ, ಫೋನ್ ಎತ್ತಿದರೂ ಇಟ್ಟುಬಿಡುತ್ತೀರಿ. ಒಂದೇ ಊರಿನಲ್ಲಿದ್ದು ಅಂಚೆ ಚೀಟಿ ಹಚ್ಚುವ ಹಾಗೆ ಮಾಡಿದ್ದೀರಿ. ಇರಲಿ. ಇದನ್ನು ಹರಿಯುವ ಮೊದಲು ಕೊನೆಯವರೆಗೆ ಓದಿ.

ಅಣ್ಣನಿಗೆ ಆ ಪೌರತ್ವದ ಪತ್ರ ಒಂದು ದಿನ ತೋರಿಸಿದ್ದೆ, ಅದರ ಮೇಲೆ ಅವನ ಹಳೆಯ ಫೋಟೋ ಇದೆಯಲ್ಲ, ಖುಷಿಪಡಲಿ ಎಂದು. ವಾಪಸು ಕೊಡಲೇ ಇಲ್ಲ. ದಿಂಬಿನ ಕೆಳಗಿಟ್ಟು ಮಲಗುತ್ತಾನೆ. ಹಾಸಿಗೆ ಬದಲಿಸಲು ಬಂದ ಸಿಸ್ಟರ್ ಜೊತೆ ಜಗಳವಾಡಿದನಂತೆ. ಹುಚ್ಚಾಟ ಅಂದುಕೊಂಡು ಸುಮ್ಮನಿದ್ದೆ.

ಭಾನುವಾರ ನಾನು ಹೋದಾಗ ಕೋಟು ಹಾಕಿಕೊಂಡು ಮುಂಬಾಗಿಲ ಬೆಂಚಿನ ಮೇಲೆ ಕೂತಿದ್ದ. ಪತ್ರ ತೊಡೆಯ ಮೇಲೆ. ಸಿಸ್ಟರ್ ಹೇಳಿದರು, "ದಿನಾ ಹೀಗೇ ಕೂರ್ತಾರಮ್ಮ. ಒಳಗೆ ಬರೋರನ್ನೆಲ್ಲ ತಡೆದು ಯಾರನ್ನೋ ಕೇಳ್ತಾರೆ. ನಮಗೆ ಅರ್ಥ ಆಗ್ತಿಲ್ಲ." ನನ್ನನ್ನು ನೋಡಿ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

"ಚೆಲೋ, ಆ ಸೆನ್ಯೋರನ್ನ ಬಿಟ್ರಾ?"

"ಯಾವ ಸೆನ್ಯೋರ ಅಣ್ಣ?"

"ಅದೇ, ನನ್ನ ಪಕ್ಕದ ಕೋಣೆಯವರು. ನಮ್ಮ ಗಾಡೀಲೇ ಬಂದ್ರಲ್ಲ. ಗೇಟಲ್ಲಿ ಇಳಿಸಿಕೊಂಡುಬಿಟ್ರು. ಅಳ್ತಾ ನಿಂತಿದ್ರು ಚೆಲೋ. ನಾವು ಬಿಟ್ಟು ಬಂದುಬಿಟ್ವಿ."

"ಬಂದ್ರು ಅಣ್ಣ, ಆವತ್ತೇ ಬಂದ್ರು. ನಮ್ಮ ಜೊತೇನೇ ಬಂದ್ರು."

"ಸುಳ್ಳು ಹೇಳಬೇಡ. ಬಂದಿದ್ರೆ ನನ್ನ ನೋಡೋಕೆ ಬರ್ತಿರಲಿಲ್ವ?"

ಅವನು ಪತ್ರ ನನ್ನ ಕೈಗಿಟ್ಟ.

"ಇದನ್ನ ಅವರಿಗೆ ಕೊಡು. ಇದು ತೋರಿಸಿದ್ರೆ ಬಿಡ್ತಾರೆ, ನನ್ನ ಬಿಟ್ರಲ್ಲ. ನಾನು ಇಲ್ಲೇ ಇರ್ತೀನಿ, ನನಗಿದು ಬೇಕಾಗಲ್ಲ. ಅವರಿಗೆ ಯಾರೂ ಇಲ್ಲ."

ಅವರ ಹೆಸರೇನು ಎಂದು ಕೇಳಿದೆ. ಯೋಚಿಸುತ್ತ ಕೋಟಿನ ಗುಂಡಿ ತಿರುವಿದ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು ಅವನಿಗೆ. ಕೊನೆಗೆ, "ಹೆಸರು ಕೇಳೋದು ಮರ್ಯಾದೆ ಅಲ್ಲ ಅಂತ ಕೇಳಿಲ್ಲ" ಅಂದ. ಹೊರಡುವಾಗ ಪತ್ರ ವಾಪಸು ಕಿತ್ತುಕೊಂಡ. ನನ್ನ ಮೇಲೆ ನಂಬಿಕೆ ಇಲ್ಲವಂತೆ, ಅವರ ಕೈಗೇ ಕೊಡುತ್ತಾನಂತೆ.

ನಾನು ಅವನ ರಕ್ತ ಹಂಚಿಕೊಂಡವಳು, ನನ್ನ ಹೆಸರು ಅವನಿಗೆ ನೆನಪಿದೆ. ಆದರೆ ಬೆಂಚಿನ ಮೇಲೆ ಅವನು ಕಾಯುತ್ತಿರುವುದು ನನಗಾಗಿ ಅಲ್ಲ. ನನ್ನ ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಬನ್ನಿ ಅತ್ತಿಗೆ. ಈ ವಾರವೇ, ಈಸ್ಟರ್ ಮುಂಚಿನ ಗರಿಗಳ ಭಾನುವಾರ ಬನ್ನಿ. ಮತ್ತೆ ತೋಳು ಚಾಚಿದರೂ ಚಾಚಲಿ, ನಾನು ಪಕ್ಕದಲ್ಲಿರುತ್ತೇನೆ.

ನಿಮ್ಮ ಚೆಲೋ


ಟೂಸಾನ್
6 ಏಪ್ರಿಲ್ 1995

ಚೆಲೋ,

ಭಾನುವಾರ ಪೂಜೆ ಮುಗಿದ ಮೇಲೆ ಬರುತ್ತೇನೆ. ನೀಲಿ ಉಡುಪು ಹಾಕುವುದಿಲ್ಲ. ಗೇಟಿನಲ್ಲಿ ತೊಟ್ಟಿದ್ದ ಕಂದು ಕೋಟು, ತಲೆಗೆ ಸುತ್ತಿದ್ದ ಆ ಹಳೆಯ ಬಟ್ಟೆ, ಅದನ್ನೇ ಹಾಕಿಕೊಂಡು ಬರುತ್ತೇನೆ. ಗುರುತು ಸಿಗಲಿ.

ಪತ್ರವನ್ನು ಅವನ ಕೈಯಿಂದ ಯಾರೂ ತೆಗೆದುಕೊಳ್ಳದ ಹಾಗೆ ನೋಡಿಕೋ. ನನ್ನ ವಿಷಯ ಮುಂಚೆಯೇ ಏನೂ ಹೇಳಬೇಡ, ನನ್ನ ಹೆಸರನ್ನೂ ಹೇಳಿಕೊಡಬೇಡ. ಅವನು ಬಾಗಿಲಲ್ಲೇ ಕೂತಿರಲಿ. ಬಂದವರನ್ನು ತಡೆದು ಕೇಳುತ್ತಾನಲ್ಲ, ನನ್ನನ್ನೂ ಕೇಳಲಿ, ನೀವು ಎಲ್ಲಿಯವರು ಅಂತ. ಈ ಸಲ ನಾನು ಅಳುವುದಿಲ್ಲ. ನಿನ್ನೆಯಿಂದ ಒಲೆಯ ಮುಂದೆ ನಿಂತು ಉತ್ತರ ಕಲಿಯುತ್ತಿದ್ದೇನೆ.

ಪಕ್ಕದ ಕೋಣೆಯವಳು, ಗೇಟಿನಲ್ಲಿ ಈಗಷ್ಟೇ ಬಿಟ್ಟರು ಅನ್ನುತ್ತೇನೆ.

ಒಫೇಲಿಯಾ